ಮುಂದೆ ತಂಪು, ಹಿಂದೆ ಸೆಕೆ

ಒಂದೇ ವಾಹನದಲ್ಲಿ ಮುಂದಿನವರಿಗೆ ತಂಗಾಳಿ, ಹಿಂದೆ ಕುಳಿತ ಮಕ್ಕಳಿಗೆ ಬಿಸಿಗಾಳಿ! ಇದೇಕೆ? ಎರಡೂ ಕಡೆಯ ತಂಪುಸುರುಳಿಗಳಿಗೆ ಕಂಪ್ರೆಸರ್ ಒಂದೇ. ಮುಂಭಾಗವು ಚೆನ್ನಾಗಿ ತಣಿಯುತ್ತಿದ್ದರೆ ಅದು ಕೆಟ್ಟಿಲ್ಲವೆಂದು ಬಗೆಯಬಹುದು.

ಯಂತ್ರವನ್ನು ಸ್ವಲ್ಪ ಹೊತ್ತು ನಡೆಸಿ, ಹಿಂದಿನ ಸುರುಳಿಯಿಂದ ಮರಳುವ ದಪ್ಪ ಕೊಳವೆಯನ್ನು ಮುಟ್ಟಿ ನೋಡಿರಿ. ಅದು ತಣ್ಣಗಿದ್ದೂ ಗಾಳಿ ಬಿಸಿಯಾಗಿದ್ದರೆ, ಹಿಂದೆಯೂ ಹೀಟರ್ ಉಳ್ಳ ವಾಹನಗಳಲ್ಲಿ, ಬಿಸಿಗಾಳಿ-ತಂಗಾಳಿಗಳನ್ನು ಬೆರೆಸುವ ಕದವು ಸಿಕ್ಕಿಕೊಂಡಿರುವ ಸಂಭವವುಂಟು. ಕೊಳವೆಯೇ ತಣ್ಣಗಿಲ್ಲವಾದರೆ, ಶೀತಕದ್ರವವನ್ನು ಮಿತವಾಗಿ ಬಿಡುವ ಕವಾಟವು ಕಟ್ಟಿರಬಹುದು. ಇಲ್ಲವೇ ಶೀತಕವು ಸೋರಿ ಕಡಿಮೆಯಾಗಿರಬಹುದು. ಕೊರತೆಯ ಬಾಧೆ ಹಲವು ವೇಳೆ ದೂರದ ಸುರುಳಿಗೇ ಮೊದಲು ತಟ್ಟುತ್ತದೆ.

ಕೊಳವೆಯ ಕೀಲುಗಳಲ್ಲಿ ಕಾಣುವ ಎಣ್ಣೆಯ ಕಲೆಯು ಸೋರಿಕೆಯ ಗುರುತು. ಅದನ್ನು ಸರಿಪಡಿಸದೆ ಶೀತಕ ತುಂಬಿಸುವುದು ತೂತುಗಡಿಗೆಗೆ ನೀರೆರೆದಂತೆ. ನಷ್ಟ ಹಣದ್ದಷ್ಟೇ ಅಲ್ಲ: ಹಲವು ವಾಹನಗಳಲ್ಲಿರುವ ಆರ್‌-134ಎ ಶೀತಕವು, ತೂಕಕ್ಕೆ ತೂಕ, ಇಂಗಾಲದ ಡೈಆಕ್ಸೈಡಿಗಿಂತ 1000 ಪಟ್ಟಿಗೂ ಮಿಗಿಲಾಗಿ ಭೂಮಿಯನ್ನು ಕಾಯಿಸಬಲ್ಲುದು.