ಪಂಪು ಬಿಚ್ಚುವ ಮುನ್ನ ಗೇಜ್ ನೋಡಿ

ಬೆಳಿಗ್ಗೆ ಡೀಸೆಲ್ ಕಾರು ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ. ಏರು ರಸ್ತೆಯಲ್ಲಿ ಎಳೆತವಿಲ್ಲ. ಗ್ಯಾರೇಜಿಗೆ ಒಯ್ದರೆ "ಪಂಪು ಹೋಗಿದೆ ಸಾರ್, ಬಿಚ್ಚಬೇಕು" ಎಂಬ ಮಾತು. ಹಳೆಯ ಡೀಸೆಲ್ ಕಾರು ಇಟ್ಟುಕೊಂಡಿರುವ ವೀಕ್ಷಕರಿಗೆ ಇದು ಹೊಸದೇನಲ್ಲ. ಇಂಜೆಕ್ಷನ್ ಪಂಪಿನ ರಿಪೇರಿ ಸಣ್ಣ ಖರ್ಚೂ ಅಲ್ಲ. ಆದರೆ ಪಂಪಿಗೆ ಸ್ಪ್ಯಾನರ್ ಹಾಕುವ ಮುನ್ನ ಅದರ ಒತ್ತಡವನ್ನು ಯಾರಾದರೂ ಅಳೆದು ನೋಡಿದರೇ? ಥರ್ಮಾಮೀಟರನ್ನೂ ಇಡದೆ ಯಾವ ವೈದ್ಯರೂ ಆಪರೇಷನ್‌ಗೆ ಬರೆದುಕೊಡುವುದಿಲ್ಲ. ಪರದೆಯ ಮೇಲೆ ಬೇಗನೆ ಸರಿದುಹೋಗುವ ಈ ವಿಷಯವನ್ನು ಇಲ್ಲಿ ನಿಧಾನವಾಗಿ ನೋಡೋಣ.

ಒತ್ತಡ ಒಂದಲ್ಲ, ಮೂರು

ಡೀಸೆಲ್ ಎಂಜಿನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಬಲವಾಗಿ ಅದುಮಿದಾಗ ಅದು ವಿಪರೀತ ಕಾಯುತ್ತದೆ. ಆ ಹೊತ್ತಿಗೆ ಸರಿಯಾಗಿ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ಒತ್ತಡವನ್ನೂ ಹೊತ್ತನ್ನೂ ಒದಗಿಸುವುದು ಇಂಜೆಕ್ಷನ್ ಪಂಪು. ನಮ್ಮಲ್ಲಿ ಈ ಪಂಪಿನ ಕಥೆ 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೊ ಕಂಪನಿಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. 2008ರಿಂದ ಅದರ ಹೆಸರು ಬಾಷ್ ಲಿಮಿಟೆಡ್.

ಹಳೆಯ ಕಾರುಗಳಲ್ಲಿ ಬಳಕೆಯಲ್ಲಿದ್ದ ಬಾಷ್ ವಿ.ಇ. ಮಾದರಿಯ ರೋಟರಿ ಪಂಪನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿ ಮೂರು ಬೇರೆ ಬೇರೆ ಒತ್ತಡಗಳಿವೆ. ಮೊದಲನೆಯದು ಟ್ಯಾಂಕಿನಿಂದ ಫಿಲ್ಟರ್ ಮೂಲಕ ಡೀಸೆಲ್ ಎಳೆದುಕೊಳ್ಳುವ ಕಡೆಯದು. ಪಂಪು ತಾನೇ ಎಳೆದುಕೊಳ್ಳುವ ಕಾರುಗಳಲ್ಲಿ ಇದು ಹೊರಗಿನ ಗಾಳಿಯ ಒತ್ತಡಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಎರಡನೆಯದು ಪಂಪಿನ ಒಡಲೊಳಗಿನ ಒತ್ತಡ. ಒಳಗಿರುವ ಪುಟ್ಟ ವೇನ್ ಪಂಪು ಇದನ್ನು ಹುಟ್ಟಿಸುತ್ತದೆ. ಐಡ್ಲಿಂಗ್‌ನಲ್ಲಿ ಕೆಲವೇ ಬಾರ್ ಇದ್ದು, ಎಂಜಿನ್ ವೇಗದೊಂದಿಗೆ ಸಮನಾಗಿ ಏರುತ್ತದೆ. ಮೂರನೆಯದು ಇಂಜೆಕ್ಟರಿಗೆ ಹೋಗುವ ಉಕ್ಕಿನ ಪೈಪುಗಳದ್ದು, ನೂರಾರು ಬಾರ್. ಕಾರಿನ ಟೈರಿಗೆ ನಾವು ತುಂಬಿಸುವ 30 ಪೌಂಡ್ ಗಾಳಿ ಎಂದರೆ ಸುಮಾರು 2 ಬಾರ್ ಮಾತ್ರ ಎಂಬುದನ್ನು ನೆನೆದರೆ ಈ ಅಂತರ ತಿಳಿದೀತು.

ಸಾಧಾರಣ ಗೇಜ್‌ನಿಂದ ಅಳೆಯಬೇಕಾದದ್ದು ಎರಡನೆಯದನ್ನು. ಪಂಪಿನೊಳಗಿನ ಟೈಮಿಂಗ್ ಪಿಸ್ಟನ್ನನ್ನು ತಳ್ಳುವುದು ಈ ಒತ್ತಡವೇ. ಅದು ಕಡಿಮೆಯಾದರೆ ಡೀಸೆಲ್ ತಡವಾಗಿ ಬೀಳುತ್ತದೆ. ಆಗ ಬಿಳಿ ಹೊಗೆ ಬರಬಹುದು, ಎಳೆತ ಕುಗ್ಗಬಹುದು. ಹೆಚ್ಚಾದರೆ ಬೇಗನೆ ಬಿದ್ದು ಎಂಜಿನ್ ಕಟಕಟ ಎನ್ನುತ್ತದೆ.

ಅಳೆಯುವ ಬಗೆ

0ರಿಂದ 10 ಬಾರ್‌ವರೆಗಿನ, ಗ್ಲಿಸರಿನ್ ತುಂಬಿದ ಗೇಜ್ ಒಳ್ಳೆಯದು. ಅದರ ಮುಳ್ಳು ನಡುಗುವುದು ಕಡಿಮೆ. ಡೀಸೆಲ್ ತಡೆಯುವ ಹೋಸ್ ಬೇಕು. ಪಂಪಿನಿಂದ ಡೀಸೆಲ್ ಟ್ಯಾಂಕಿಗೆ ಮರಳುವ ಜಾಗದಲ್ಲಿ 'ಔಟ್' ಎಂದು ಗುರುತು ಮಾಡಿದ ಟೊಳ್ಳು ಬೋಲ್ಟಿದೆ. ಅದರೊಳಗೊಂದು ಸೂಕ್ಷ್ಮ ರಂಧ್ರವಿದೆ. ಸರಿಹೊಂದುವ ಜೋಡಣೆಯಿಂದ ಗೇಜ್ ಈ ರಂಧ್ರಕ್ಕಿಂತ ಮೊದಲೇ, ಅಂದರೆ ಪಂಪಿನ ಕಡೆಗೇ, ಕೂಡಿಕೊಳ್ಳಬೇಕು. ರಂಧ್ರದ ಆಚೆ ಕೂಡಿಸಿದರೆ ಮುಳ್ಳು ಹೆಚ್ಚುಕಡಿಮೆ ಸೊನ್ನೆಯಲ್ಲೇ ನಿಲ್ಲುತ್ತದೆ. ಒಳ್ಳೆಯ ಪಂಪಿಗೂ ಕೆಟ್ಟ ಹೆಸರು ಬರುತ್ತದೆ.

ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಒಮ್ಮೆ, ವೇಗ ಏರಿಸಿ ಒಮ್ಮೆ ಅಂಕಿ ಬರೆದುಕೊಂಡು ಆ ಕಾರಿನ ಸರ್ವಿಸ್ ಪುಸ್ತಕದೊಡನೆ ಹೋಲಿಸಿ. ಮುಳ್ಳು ಹೊಯ್ದಾಡುತ್ತಿದ್ದರೆ ಎಲ್ಲೋ ಗಾಳಿ ಸೇರುತ್ತಿದೆಯೇ ನೋಡಿ. ಬಾವಿಯ ಪಂಪ್‌ಸೆಟ್ಟಿನ ಪೈಪು ಗಾಳಿ ಎಳೆದರೆ ನೀರು ಹೇಗೆ ಕೈಕೊಡುತ್ತದೋ ಹಾಗೆಯೇ ಇದು. ಒಳಬರುವ ಕಡೆ ಸ್ವಲ್ಪ ಪಾರದರ್ಶಕ ಪೈಪು ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಐಡ್ಲಿಂಗ್‌ನಲ್ಲಿ ಸರಿಯಿದ್ದು ವೇಗದಲ್ಲಿ ಕುಸಿದರೆ ಫಿಲ್ಟರ್ ಅಥವಾ ಟ್ಯಾಂಕಿನ ಜಾಲರಿ ಕಟ್ಟಿರಬಹುದು. ಒತ್ತಡ ಮಿತಿ ಮೀರಿದ್ದರೆ 'ಔಟ್' ಬೋಲ್ಟಿನ ರಂಧ್ರ ಮುಚ್ಚಿರಬಹುದು. ಹಿಂದಿನ ರಿಪೇರಿಯಲ್ಲಿ ಒಳಬರುವ ಬೋಲ್ಟೂ ಹೊರಹೋಗುವ ಬೋಲ್ಟೂ ಅದಲುಬದಲಾಗಿದ್ದರೂ ಲೆಕ್ಕವೆಲ್ಲ ತಪ್ಪುತ್ತದೆ. ಇವೆಲ್ಲ ಸರಿಯಿದ್ದೂ ಒತ್ತಡ ಏಳದಿದ್ದರೆ ಮಾತ್ರ ವೇನ್ ಸವೆದಿದೆಯೇ, ಒತ್ತಡದ ವಾಲ್ವ್ ಕೆಟ್ಟಿದೆಯೇ ಎಂದು ಪಂಪನ್ನು ಬಿಚ್ಚುವ ಮಾತು.

ಕೆಲವರು ಗೇಜನ್ನು ಡ್ಯಾಶ್‌ಬೋರ್ಡಿನಲ್ಲಿ ಶಾಶ್ವತವಾಗಿ ಇಡಲು ಬಯಸುತ್ತಾರೆ. ಹಾಗಾದರೆ ಬಾನೆಟ್ಟಿನೊಳಗೆ ಸೆನ್ಸರ್ ಕೂಡಿಸಿ ವೈರನ್ನು ಮಾತ್ರ ಒಳತನ್ನಿ. ಒತ್ತಡದ ಡೀಸೆಲ್ ಪೈಪನ್ನು ನಾವು ಕೂರುವ ಜಾಗಕ್ಕೆ ಎಂದೂ ತರಬಾರದು.

ಕೈ ಜೋಪಾನ

ಇಂಜೆಕ್ಟರ್ ಪೈಪಿಗೆ ಈ ಗೇಜ್ ಹಾಕಬೇಡಿ. ಎಂಜಿನ್ ಓಡುವಾಗ ಆ ಪೈಪಿನ ಸೋರಿಕೆಯನ್ನು ಬೆರಳಿನಿಂದ ತಡವಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಆ ಒತ್ತಡದ ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರುತ್ತದೆ. ಮೇಲೆ ಕಾಣುವುದು ಚುಕ್ಕೆಯಷ್ಟು ಗಾಯ, ಮೊದಲಿಗೆ ನೋವೂ ಹೆಚ್ಚಿರಲಿಕ್ಕಿಲ್ಲ. ಒಳಗೆ ಮಾಂಸ ಕೊಳೆತು ಬೆರಳನ್ನೇ ಕಳೆದುಕೊಳ್ಳಬೇಕಾದೀತು. ತಡಮಾಡದೆ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಮೊದಲೇ ತಿಳಿಸಿ.

ಇತ್ತೀಚಿನ ಕಾಮನ್ ರೈಲ್ ಕಾರುಗಳಲ್ಲಿ ಒತ್ತಡ 2,000 ಬಾರ್ ಮುಟ್ಟುವುದುಂಟು. ಅಲ್ಲಿ ಪೈಪು ಬಿಚ್ಚುವ ಪ್ರಶ್ನೆಯೇ ಇಲ್ಲ. ಕಾರಿನಲ್ಲೇ ಇರುವ ಸೆನ್ಸರಿನ ಅಂಕಿಯನ್ನು ಸ್ಕ್ಯಾನರಿನಿಂದ ಓದಬೇಕು.

ಮುಂದಿನ ಸಲ "ಪಂಪು ಹೋಗಿದೆ" ಎಂಬ ಮಾತು ಕೇಳಿದಾಗ, "ಒತ್ತಡ ಎಷ್ಟಿತ್ತು?" ಎಂದು ಒಮ್ಮೆ ವಿಚಾರಿಸಿ. ಒಳ್ಳೆಯ ಮೆಕ್ಯಾನಿಕ್ ಬೇಸರಪಡುವುದಿಲ್ಲ, ಗೇಜ್ ತಂದು ತೋರಿಸುತ್ತಾರೆ.