ಶುಶ್ರೂಷೆಯಲ್ಲಿ ಪ್ರಯೋಗಪಾಂಡಿತ್ಯ

'ಶುಶ್ರೂಷಾ' ಎಂಬ ಸಂಸ್ಕೃತ ಶಬ್ದವು 'ಶ್ರು' ಧಾತುವಿನ ಇಚ್ಛಾರ್ಥಕ ರೂಪದಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆ ಎಂಬುದೇ ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳಲೆಳಸುವವನು ಗುರುವಿನ ಸೇವೆಯನ್ನೂ ಮಾಡಬೇಕಾಗಿದ್ದುದರಿಂದ ವಿಧೇಯತೆ, ಸೇವೆ ಎಂಬ ಅರ್ಥಗಳು ಅದಕ್ಕೆ ಕೂಡಿಬಂದುವು. ಕನ್ನಡದಲ್ಲಿ ಕಡೆಗೆ ರೋಗಿಯ ಆರೈಕೆ ಎಂಬ ಅರ್ಥವೇ ನೆಲೆನಿಂತಿತು. ಒಂದೇ ಶಬ್ದದಲ್ಲಿ ವಿದ್ಯೆಯೂ ಸೇವೆಯೂ ಹೀಗೆ ಅಡಗಿದ್ದರೂ ಲೋಕವ್ಯವಹಾರದಲ್ಲಿ ಅವೆರಡೂ ಬಹುಕಾಲ ಬೇರೆಯಾಗಿಯೇ ಉಳಿದುವು. ವೈದ್ಯನದು ವಿದ್ಯೆ, ದಾದಿಯದು ಸೇವೆ ಎಂಬ ವಿಂಗಡಣೆ ರೂಢಿಯಾಯಿತು. ಈ ವಿಂಗಡಣೆಯನ್ನು ತೊಡೆದುಹಾಕಲು ಹೊರಟ ಪ್ರಯತ್ನಗಳಲ್ಲಿ ಶುಶ್ರೂಷೆಯ ಪ್ರಯೋಗಪ್ರಧಾನವಾದ ಡಾಕ್ಟರೇಟು ಪದವಿಯೂ ಒಂದು. ಅದರ ಸ್ವರೂಪವೇನು, ಕನ್ನಡ ನಾಡಿಗೆ ಅದರಿಂದಾಗಬಹುದಾದ ಪ್ರಯೋಜನವೇನು ಎಂಬುದು ಇಲ್ಲಿಯ ವಿಚಾರ.

ಪ್ರಾಚೀನರು ಪರಿಚಾರಕನ ಜ್ಞಾನವನ್ನು ಕಡೆಗಣಿಸಿರಲಿಲ್ಲ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಇರಬೇಕಾದ ನಾಲ್ಕು ಗುಣಗಳಲ್ಲಿ ಉಪಚಾರದ ಅರಿವು ಮೊದಲನೆಯದು. ದಕ್ಷತೆ, ಅನುರಾಗ, ಶುಚಿತ್ವಗಳು ಉಳಿದವು. ಅನುರಾಗಕ್ಕಿಂತಲೂ ಮೊದಲು ಅರಿವನ್ನು ಹೇಳಿರುವುದು ಗಮನಿಸತಕ್ಕ ಸಂಗತಿ.

'ಡಾಕ್ಟರ್' ಎಂಬುದು ಲ್ಯಾಟಿನ್ ಭಾಷೆಯಲ್ಲಿ ಕಲಿಸುವವನೆಂಬ ಅರ್ಥವುಳ್ಳ ಶಬ್ದ. ವಿಶ್ವವಿದ್ಯಾನಿಲಯಗಳು ಕೊಡುವ ಡಾಕ್ಟರೇಟುಗಳಲ್ಲಿ ಎರಡು ಬಗೆಯುಂಟು. ಪಿಎಚ್.ಡಿ. ಎಂಬುದು ಸಂಶೋಧನೆಯ ಪದವಿ. ಹಿಂದೆ ತಿಳಿಯದಿದ್ದ ಒಂದು ವಿಷಯವನ್ನು ಸಾಧಿಸಿ ತೋರಿಸುವುದು ಅದರ ಗುರಿ. ಡಿ.ಎನ್.ಪಿ. ಎಂಬುದು ಪ್ರಯೋಗದ ಪದವಿ. ಈಗಾಗಲೇ ತಿಳಿದಿರುವುದನ್ನು ರೋಗಿಯ ಹಾಸಿಗೆಯ ಬಳಿಗೆ ತಪ್ಪದೆ ಮುಟ್ಟಿಸುವುದು ಅದರ ಗುರಿ. ಮೊದಲನೆಯದರ ಅಭ್ಯಾಸಿಯು ಮಹಾಪ್ರಬಂಧವನ್ನು ಬರೆದೊಪ್ಪಿಸುತ್ತಾನೆ. ಎರಡನೆಯದರ ಅಭ್ಯಾಸಿಯು ಒಂದು ಆಸ್ಪತ್ರೆಯಲ್ಲಿಯೋ ಊರಿನಲ್ಲಿಯೋ ಆರೈಕೆಯ ಒಂದು ಕೊರತೆಯನ್ನು ಗುರುತಿಸಿ, ಕ್ರಮವನ್ನು ಬದಲಾಯಿಸಿ, ಅದರಿಂದಾದ ಫಲವನ್ನು ಅಳೆದು ಬರೆದೊಪ್ಪಿಸುತ್ತಾನೆ.

ಈ ಪದವಿಯ ಹುಟ್ಟು ಅಮೆರಿಕದಲ್ಲಿ. ೧೯೭೯ರಲ್ಲಿ ಕ್ಲೀವ್‌ಲೆಂಡಿನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾನಿಲಯವು ಶುಶ್ರೂಷೆಯಲ್ಲಿ ಪ್ರಯೋಗಪ್ರಧಾನವಾದ ಡಾಕ್ಟರೇಟನ್ನು ಆರಂಭಿಸಿತು. ೨೦೦೪ರಲ್ಲಿ ಅಲ್ಲಿಯ ಶುಶ್ರೂಷಾ ಕಾಲೇಜುಗಳ ಸಂಘವು, ೨೦೧೫ರ ವೇಳೆಗೆ ಉನ್ನತ ಶುಶ್ರೂಷಾವೃತ್ತಿಗೆ ಈ ಪದವಿಯೇ ಪ್ರವೇಶದ್ವಾರವಾಗಬೇಕೆಂದು ನಿರ್ಣಯಿಸಿತು. ಸ್ನಾತಕ ಪದವಿಯ ಅನಂತರ ಕನಿಷ್ಠ ೧೦೦೦ ಗಂಟೆಗಳ ಪ್ರಾಯೋಗಿಕ ಅಭ್ಯಾಸವಿರಬೇಕೆಂದು ೨೦೦೬ರಲ್ಲಿ ವಿಧಿಸಲಾಯಿತು. ೨೦೧೫ರ ಗಡುವು ಎಲ್ಲ ಶಾಖೆಗಳಿಗೂ ಕಡ್ಡಾಯವಾಗಲಿಲ್ಲ. ಆದರೆ ಅರಿವಳಿಕೆಯ ಶಾಖೆಗೆ ೨೦೨೨ರಿಂದ ಸೇರುವ ವಿದ್ಯಾರ್ಥಿಗಳೆಲ್ಲರೂ ಡಾಕ್ಟರೇಟಿನ ಮಟ್ಟದಲ್ಲಿಯೇ ಓದಬೇಕಾಯಿತು.

ಭಾರತದಲ್ಲಿ ಶುಶ್ರೂಷೆಯ ಸ್ನಾತಕ ಪದವಿಯ ವ್ಯಾಸಂಗ ೧೯೪೬ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಮೊದಲಾಯಿತು. ಮರುವರ್ಷವೇ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾನೂನು ಬಂದಿತು. ಅದರ ಸ್ಥಾನದಲ್ಲಿ ನಿಲ್ಲತಕ್ಕ ಹೊಸ ಕಾನೂನು ೨೦೨೩ರಲ್ಲಿ ಅಂಗೀಕೃತವಾಯಿತು. ಶಿಕ್ಷಣದ ಸೋಪಾನವು ಎರಡು ವರ್ಷಗಳ ಎ.ಎನ್.ಎಂ., ಮೂರು ವರ್ಷಗಳ ಜಿ.ಎನ್.ಎಂ., ನಾಲ್ಕು ವರ್ಷಗಳ ಬಿ.ಎಸ್‌ಸಿ., ಎರಡು ವರ್ಷಗಳ ಎಂ.ಎಸ್‌ಸಿ. ಎಂದು ಮೇಲೇರಿ ಪಿಎಚ್.ಡಿ.ಯಲ್ಲಿ ಮುಗಿಯುತ್ತದೆ. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ವ್ಯಾಸಂಗ ೧೯೯೨ರಲ್ಲಿ ಆರಂಭವಾಯಿತು. ಮುಂದೆ ಪರಿಷತ್ತು, ೧೯೯೬ರಲ್ಲಿ ಸ್ಥಾಪಿತವಾಗಿದ್ದ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದೊಡನೆ ಸೇರಿ ಇದಕ್ಕಾಗಿ ಒಂದು ರಾಷ್ಟ್ರೀಯ ಒಕ್ಕೂಟವನ್ನೇ ಏರ್ಪಡಿಸಿತು. ಪ್ರಯೋಗದ ಕಡೆಗೆ ತಿರುಗಿದ ಹೆಜ್ಜೆಗಳೂ ಇಲ್ಲದಿಲ್ಲ. ತೀವ್ರ ನಿಗಾ ಘಟಕದ ಶುಶ್ರೂಷೆಗಾಗಿ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವೂ, ೨೦೧೮ರ ಮಾರ್ಗಸೂಚಿಗಳ ಪ್ರಕಾರ ಪ್ರಸೂತಿಗಾಗಿ ೧೮ ತಿಂಗಳ ತರಬೇತಿಯೂ ರೂಪುಗೊಂಡಿವೆ. ಆದರೆ ಇವು ಡಾಕ್ಟರೇಟುಗಳಲ್ಲ.

ಈ ಸೋಪಾನದಲ್ಲಿ ಒಂದು ವಿಚಿತ್ರವಿದೆ. ಶುಶ್ರೂಷಕಿಯು ಮೇಲಿನ ಮೆಟ್ಟಿಲುಗಳನ್ನೇರಿದಷ್ಟೂ ರೋಗಿಯಿಂದ ದೂರವಾಗುತ್ತಾಳೆ. ಎಂ.ಎಸ್‌ಸಿ., ಪಿಎಚ್.ಡಿ.ಗಳನ್ನು ಪಡೆದವರಿಗೆ ಸಹಜವಾದ ಸ್ಥಾನ ಕಾಲೇಜಿನ ಪೀಠವೇ ಹೊರತು ಆಸ್ಪತ್ರೆಯ ವಾರ್ಡಲ್ಲ. ಕಲಿಸುವುದು ಗೌರವದ ಕೆಲಸವೇ ಸರಿ. ಆದರೆ ಕೈಯಾರೆ ಮಾಡುವುದರಲ್ಲಿ ಪಾಂಡಿತ್ಯವಿಲ್ಲವೆಂಬ ಭಾವನೆ ಇದರಿಂದ ಬಲಿಯುತ್ತದೆ.

ಆ ಭಾವನೆಗೆ ತುಮಕೂರು ಜಿಲ್ಲೆಯಲ್ಲಿಯೇ ಒಂದು ಉತ್ತರ ದೊರೆತಿದೆ. 'ಸೂಲು' ಎಂದರೆ ಹೆರಿಗೆ. ಹೂವಾಡಗಿತ್ತಿ ಎಂಬಲ್ಲಿರುವ ಸ್ತ್ರೀವಾಚಕ ಪ್ರತ್ಯಯವೇ ಸೂಲಗಿತ್ತಿ ಎಂಬಲ್ಲಿಯೂ ಇದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರಿಗೆ ಈ ಶಬ್ದವು ಹೆಸರಿನ ಭಾಗವೇ ಆಗಿತ್ತು. ಅಕ್ಷರ ಕಲಿಯದ ಅವರು ಅಜ್ಜಿಯಿಂದ ಈ ವಿದ್ಯೆಯನ್ನು ಪಡೆದು, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಪ್ರತಿಫಲವಿಲ್ಲದೆ ಮಾಡಿಸಿದರೆಂದು ಪ್ರಸಿದ್ಧರಾದರು. ೨೦೧೪ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ೨೦೧೮ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರ್ ೨೫ರಂದು ಅವರು ತೀರಿಕೊಂಡರು. ಕೈಯ ಅರಿವು ವಿದ್ಯೆಯೇ ಎಂಬುದನ್ನು ವಿಶ್ವವಿದ್ಯಾನಿಲಯವೊಂದು ಇಲ್ಲಿ ಬಹಿರಂಗವಾಗಿ ಒಪ್ಪಿಕೊಂಡಂತಾಯಿತು.

ಆದರೆ ಗೌರವಪದವಿಗೂ ವ್ಯಾಸಂಗದಿಂದ ಗಳಿಸಿದ ಪದವಿಗೂ ಇರುವ ಅಂತರವನ್ನು ಮರೆಯಲಾಗದು. ಗೌರವಪದವಿಯು ವ್ಯಕ್ತಿಯನ್ನು ಮನ್ನಿಸುತ್ತದೆ. ಆ ವ್ಯಕ್ತಿಯ ವಿದ್ಯೆಯನ್ನು ಪರೀಕ್ಷಿಸುವುದಾಗಲಿ ಬರೆದಿಡುವುದಾಗಲಿ ಅದರ ಕೆಲಸವಲ್ಲ. ನರಸಮ್ಮನವರು ಇತರರಿಗೆ ಕಲಿಸಿದುದುಂಟು. ಆದರೂ ಗರ್ಭದಲ್ಲಿರುವ ಶಿಶುವಿನ ನಿಲುವನ್ನು ಕೈಯಿಂದಲೇ ತಿಳಿಯುವಂತಹ ಅನುಭವವು ಲೇಖನಕ್ಕಿಳಿಯದಿದ್ದರೆ ಬಹುಪಾಲು ಅನುಭವಿಯೊಡನೆಯೇ ಕಳೆದುಹೋಗುತ್ತದೆ. ಪ್ರಯೋಗದ ಡಾಕ್ಟರೇಟಿನ ತಿರುಳು ಇಲ್ಲಿಯೇ ಇದೆ: ಮಾಡಿದುದನ್ನು ಅಳೆಯುವುದು, ಅಳೆದುದನ್ನು ಬರೆಯುವುದು, ಬರೆದುದನ್ನು ಇನ್ನೊಬ್ಬರು ಮಾಡಿ ನೋಡಲು ಬಿಡುವುದು.

ಉದಾಹರಣೆಗೆ ತುಮಕೂರು ತಾಲ್ಲೂಕಿನ ಊರ್ಡಿಗೆರೆಯಂತಹ ಹೋಬಳಿಯೊಂದನ್ನು ಭಾವಿಸಬಹುದು. ಹೆರಿಗೆಯಾದೊಡನೆ ಆಗುವ ಅತಿರಕ್ತಸ್ರಾವವು ಬಾಣಂತಿಯ ಸಾವಿಗೆ ಮುಖ್ಯ ಕಾರಣಗಳಲ್ಲೊಂದು. ಶಿಶು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ೧೦ ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದನ್ನು ಕೊಟ್ಟರೆ ಈ ಅಪಾಯ ತಗ್ಗುತ್ತದೆಂಬುದು ಸಿದ್ಧವಾದ ಮಾತು. ಇದನ್ನು ಮತ್ತೆ ಸಾಧಿಸಲು ಸಂಶೋಧನೆ ಬೇಡ. ಆದರೆ ಆ ಔಷಧವನ್ನು ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿಡಬೇಕು. ಬಿಸಿಯಲ್ಲಿಟ್ಟರೆ ಅದರ ಶಕ್ತಿ ಕುಂದುತ್ತದೆ. ಹೋಬಳಿಯ ಆರೋಗ್ಯಕೇಂದ್ರದಲ್ಲಿ ವಿದ್ಯುತ್ತು ನಿಂತಾಗ ಶೈತ್ಯಪೆಟ್ಟಿಗೆಯ ಉಷ್ಣತೆ ಎಷ್ಟಕ್ಕೇರುತ್ತದೆ? ರಾತ್ರಿಯ ಹೆರಿಗೆಗೆ ಒಬ್ಬಳೇ ಶುಶ್ರೂಷಕಿಯಿರುವಾಗ ಆ ಒಂದು ನಿಮಿಷವನ್ನು ಸಾಧಿಸುವ ಬಗೆ ಹೇಗೆ? ಕೊಟ್ಟ ಹೊತ್ತನ್ನು ಬರೆದಿಡುವವರು ಯಾರು? ಇವು ಪ್ರಯೋಗಪಂಡಿತೆಯ ಪ್ರಶ್ನೆಗಳು. ಇವಕ್ಕೆ ಉತ್ತರ ಗ್ರಂಥಾಲಯದಲ್ಲಿಲ್ಲ, ಆ ಕೊಠಡಿಯಲ್ಲಿಯೇ ಇದೆ.

ಈ ವಿಚಾರದಲ್ಲಿ ಎರಡು ಆಕ್ಷೇಪಗಳು ಬರಬಹುದು. ಹಳೆಯ ಸೂಲಗಿತ್ತಿಯ ಪದ್ಧತಿಯನ್ನೇ ಉಳಿಸಿಕೊಳ್ಳಬಾರದೇಕೆ ಎಂಬುದು ಒಂದು. ಕರ್ನಾಟಕದಲ್ಲಿ ೨೦೦೧–೦೩ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ೨೨೮ ತಾಯಂದಿರು ಸಾಯುತ್ತಿದ್ದರು. ೨೦೧೮–೨೦ರಲ್ಲಿ ಆ ಸಂಖ್ಯೆ ೬೯ಕ್ಕಿಳಿಯಿತು. ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಬಂದುದೂ ಇದಕ್ಕೆ ಒಂದು ಕಾರಣ. ಆದುದರಿಂದ ಹಿಂದಿರುಗುವ ಮಾತಿಲ್ಲ. ಹಳೆಯವರ ಸಹನೆ ಮತ್ತು ಕೈಚಳಕಗಳನ್ನು ಹೊಸ ಶಾಸ್ತ್ರದೊಡನೆ ಕೂಡಿಸುವುದೊಂದೇ ದಾರಿ. ಪದವಿಯು ಬರಿಯ ಬಿರುದಾಗುವುದೆಂಬುದು ಇನ್ನೊಂದು. ಈ ಭಯವು ಸಕಾರಣವಾದುದೇ. ಪದವಿ ಪಡೆದವಳಿಗೆ ಹಾಸಿಗೆಯ ಬಳಿಯಲ್ಲಿಯೇ ತಕ್ಕ ಹುದ್ದೆ, ತಕ್ಕ ವೇತನ, ಕ್ರಮವನ್ನು ಬದಲಾಯಿಸುವ ಅಧಿಕಾರ ಇಲ್ಲದಿದ್ದರೆ, ಹೆಸರಿನ ಹಿಂದೆ ಒಂದಕ್ಷರ ಸೇರುವುದೇ ಹೊರತು ರೋಗಿಗೆ ಲಾಭವಾಗದು. ಹುದ್ದೆಯನ್ನು ಮೊದಲು ನಿರ್ಮಿಸಿ ಪದವಿಯನ್ನು ಅದಕ್ಕೆ ಹೊಂದಿಸುವುದು ಯುಕ್ತವಾದ ಕ್ರಮವೆನ್ನಬೇಕು.

ಅಂತಹ ಏರ್ಪಾಡಾದಲ್ಲಿ, ಹೋಬಳಿಯ ಹುಡುಗಿಯೊಬ್ಬಳು ಎ.ಎನ್.ಎಂ. ಮೆಟ್ಟಿಲಿನಿಂದ ಹೊರಟು ವಿದ್ಯೆಯ ತುದಿಯನ್ನು ಮುಟ್ಟಿಯೂ ತನ್ನ ಊರಿನ ಬಾಣಂತಿಯ ಬಳಿಯಲ್ಲಿಯೇ ನಿಲ್ಲಬಹುದು. ಕೇಳುವ ಇಚ್ಛೆಯೂ ಆರೈಕೆಯ ಕೈಯೂ ಅವಳಲ್ಲಿ ಒಂದಾದಾಗ ಶುಶ್ರೂಷೆ ಎಂಬ ಶಬ್ದಕ್ಕೆ ಅದರ ಪೂರ್ಣಾರ್ಥವು ಮರಳಿ ಬರುವುದು.