ಗುದ್ದಲಿಗೊಂದು ಕಾವು

ಮಹಾನಗರವಾಸಿಗಳಾದ ನಮ್ಮಲ್ಲಿ ಕೆಲವರಿಗಾದರೂ ಮನೆಯ ಹಿಂದೆ ನಾಲ್ಕು ಮೊಳ ನೆಲವುಂಟು. ದಿನವಿಡೀ ಕುರ್ಚಿಯಲ್ಲಿ ಕುಳಿತಿರುವ ದೇಹಕ್ಕೆ, ಬೆಳಗಿನ ಅರ್ಧ ಗಂಟೆ ಅಲ್ಲಿ ಅಗೆಯುವುದು ಉತ್ತಮ ವ್ಯಾಯಾಮ. ಆದರೆ ಅದು ಅಂಗೈಯ ಬೊಬ್ಬೆಯಲ್ಲಿಯೋ ಸೊಂಟನೋವಿನಲ್ಲಿಯೋ ಕೊನೆಗೊಂಡರೆ, ದೋಷವು ಅನೇಕ ವೇಳೆ ಗುದ್ದಲಿಯ ಕಾವಿನದು.

2013ರಲ್ಲಿ ಪುಣೆಯ ನಮ್ಮ ಹಿತ್ತಲಿಗೆಂದು ಗುದ್ದಲಿಯೊಂದನ್ನು ಕೊಂಡೆ. ಆಗತಾನೆ ಕಡಿದ ಮಾವಿನ ಕೊಂಬೆಯನ್ನು ಕೆತ್ತಿ, ಅಂದೇ ತೊಡಿಸಿ, ನನ್ನ ಕೈಗೆಲಸವನ್ನು ನಾನೇ ಮೆಚ್ಚಿಕೊಂಡೆ. ಬೇಸಗೆಯಲ್ಲಿ ಕಾವು ಒಣಗಿ ಕುಗ್ಗಿತು. ಸಡಿಲವಾದಾಗಲೆಲ್ಲ ನೀರಿನಲ್ಲಿ ನೆನೆಸಿ ಕಾಲ ತಳ್ಳಿದೆ. ಒಂದು ಮುಂಜಾನೆ ಎತ್ತಿದ ಗುದ್ದಲಿಯ ಅಲಗು ಕಳಚಿ ಹಾರಿ, ಗಿಡಕ್ಕೆ ನೀರೆರೆಯುತ್ತಿದ್ದ ಮಗಳ ಕಾಲಿನಿಂದ ಗೇಣು ದೂರದಲ್ಲಿ ನಾಟಿತು. ನನ್ನ ಕೈಗಳ ನಡುಕ ಬಹಳ ಹೊತ್ತು ನಿಲ್ಲಲಿಲ್ಲ.

ರಜೆಯಲ್ಲಿ ಊರಿಗೆ ಹೋದಾಗ ತಂದೆಯವರಿಗೆ ಇದನ್ನು ಹೇಳಿದೆ. ಅವರು ಬೈಯಲಿಲ್ಲ, ಅಟ್ಟದಿಂದ ಜಾಲಿಯ ತುಂಡೊಂದನ್ನು ಇಳಿಸಿದರು. "ಹಸಿ ಮರ ಕಬ್ಬಿಣ ಹಿಡಿಯೋದಿಲ್ಲ ಕಣೋ. ಗಡುವಿಗೆ ಮುಂಚೆ ಠೇವಣಿ ಮುರೀಬೇಡಿ ಅಂತ ನೀವು ಬ್ಯಾಂಕಿನಲ್ಲಿ ಹೇಳೋದಿಲ್ಲವೆ?" ಎಂದರು.

ಅವರು ಕಲಿಸಿದ ಕ್ರಮವಿದು. ಜಾಲಿ, ದಿಂಡಿಗಗಳಂಥ ಪೆಟ್ಟು ತಾಳುವ ಮರವೇ ಆಗಬೇಕು. ಗಂಟಿಲ್ಲದ ತುಂಡನ್ನು ಗರಗಸದಿಂದ ಕೊಯ್ಯದೆ ಸೀಳಬೇಕು. ಆಗ ಮರದ ಎಳೆ ತುದಿಯಿಂದ ತುದಿಗೆ ಕಡಿಯದೆ ಉಳಿಯುತ್ತದೆ. ತುದಿಗಳು ಬಿರಿಯದಂತೆ ಸಗಣಿ ಮೆತ್ತಿ, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಬಳಿಕ ಬಾಚಿಯಿಂದ ಕೆತ್ತಿ, ಗಾಜಿನ ಚೂರಿನಿಂದ ಹೆರೆದು ನಯಗೊಳಿಸಬೇಕು. ಹಿಡಿಯುವ ಭಾಗ 3ರಿಂದ 4 ಸೆಂಟಿಮೀಟರ್ ದಪ್ಪವಿದ್ದು, ತುಸು ಅಂಡಾಕಾರವಾಗಿದ್ದರೆ ಕೈಯಲ್ಲಿ ತಿರುಗದು, ಬೊಬ್ಬೆಯೂ ಕಡಿಮೆ. ಗುದ್ದಲಿಯ ಕಣ್ಣಿನಲ್ಲಿ ಬಿಗಿಯಾಗಿ ಕೂರಿಸಿ, ತುದಿಯ ಸೀಳಿಗೆ ಒಣಮರದ ಬೆಣೆ ಬಡಿದು, ಕೊನೆಗೆ ಅಗಸೆ ಎಣ್ಣೆ ಸವರಬೇಕು. ನೀರಿನಲ್ಲಿ ನೆನೆಸುವುದು ಮಾತ್ರ ಸಲ್ಲದು. ಉಬ್ಬಿದ ಎಳೆಗಳು ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗುತ್ತವೆ. ಒಣಗಿದ ಮೇಲೆ ಕಾವು ಮೊದಲಿಗಿಂತಲೂ ಸಡಿಲವಾಗುತ್ತದೆ.

ಉದ್ದಕ್ಕೆ ಮಾತ್ರ ಎಲ್ಲರಿಗೂ ಒಂದೇ ಅಳತೆಯಿಲ್ಲ. ಕಾವು ಗಿಡ್ಡವಾದಷ್ಟೂ ಬೆನ್ನು ಹೆಚ್ಚು ಬಾಗುತ್ತದೆ. ತಂದೆಯವರು ನನ್ನನ್ನು ಅಗೆಯುವ ಭಂಗಿಯಲ್ಲಿ ನಿಲ್ಲಿಸಿ, ಮರದ ಮೇಲೆ ಇದ್ದಿಲಿನಿಂದ ಗೆರೆ ಎಳೆದರು. "ನನ್ನ ಕಾವು ನಿನ್ನ ನಡುವಿಗೆ ಆಗೋದಿಲ್ಲ" ಎಂದರು.

ಅವರು ಈಗಿಲ್ಲ. ಅವರು ತೊಡಿಸಿದ ಕಾವು ಇಂದಿಗೂ ಅಲುಗಿಲ್ಲ. ಮಗಳು ನನಗಿಂತ ಎತ್ತರವಾಗಿ ಬೆಳೆದಿದ್ದಾಳೆ. ಅವಳ ಅಳತೆಗೆಂದು ಜಾಲಿಯ ತುಂಡೊಂದು ನಮ್ಮ ಅಟ್ಟದ ಮೇಲೆ ಒಣಗುತ್ತಿದೆ.